ಲ್ಯಾಪ್‌ಟಾಪಿನ ಹಾಡು ಸಭಾಗೃಹದ ಮಿಕ್ಸರ್‌ಗೆ: ರೆಕಾರ್ಡಿಂಗ್ ಸಾಧನದ ಮೂಲಕ ನುಡಿಸುವ ಕ್ರಮ

ಮಾಟುಂಗ ಇರಲಿ, ಡೊಂಬಿವಲಿ ಇರಲಿ, ನವಿ ಮುಂಬಯಿ ಇರಲಿ, ಕನ್ನಡ ಸಂಘದ ವಾರ್ಷಿಕೋತ್ಸವ ಅಂದ ಮೇಲೆ ಮಕ್ಕಳ ನೃತ್ಯದ ಹಾಡು, ನಾಟಕದ ಹಿನ್ನೆಲೆ ಸಂಗೀತ, ನಾಡಗೀತೆ ಎಲ್ಲವೂ ಯಾರದೋ ಒಂದು ಲ್ಯಾಪ್‌ಟಾಪಿನಲ್ಲಿರುತ್ತವೆ. ಸೌಂಡ್‌ನವನು ಉದ್ದದ ವೈರೊಂದನ್ನು ಚಾಚಿ ‘ಹೆಡ್‌ಫೋನ್ ತೂತಿಗೆ ಹಾಕಿ’ ಅನ್ನುತ್ತಾನೆ. ಹಾಕಿದರೆ ಹಾಡೇನೋ ಬರುತ್ತದೆ. ಅದರ ಬೆನ್ನಿಗೆ ಗುಂಯ್ ಅನ್ನುವ ಸದ್ದು, ಮೌಸ್ ಸರಿಸಿದರೆ ಕಿರಿಕಿರಿ, ನಡುವೆ ವಾಟ್ಸಾಪಿನ ಟಿಂಗ್ ಕೂಡ ಬರುತ್ತವೆ.

ಸಂಘದಲ್ಲಿ ಯಾರಾದರೊಬ್ಬರ ಮನೆಯಲ್ಲಿ ಆಡಿಯೊ ಇಂಟರ್ಫೇಸ್ ಇರುತ್ತದೆ, ಇಲ್ಲವೇ ಸಂದರ್ಶನ, ಸಂಗೀತ ಧ್ವನಿಮುದ್ರಿಸುವ ಕೈಯಲ್ಲಿ ಹಿಡಿಯುವ ರೆಕಾರ್ಡರ್ ಇರುತ್ತದೆ. ಅದನ್ನು ಬರೀ ಒಳಗೆ ದನಿ ತೆಗೆದುಕೊಳ್ಳುವ ಯಂತ್ರ ಅಂದುಕೊಳ್ಳಬೇಡಿ. ಮೈಕಿನ ದನಿಯನ್ನು ಅಂಕೆಗಳಾಗಿಸುವ ಆ ಪೆಟ್ಟಿಗೆಯೇ ಕಂಪ್ಯೂಟರಿನ ಅಂಕೆಗಳನ್ನು ಮರಳಿ ದನಿಯಾಗಿಸಿ ಹೊರಗೂ ಕೊಡುತ್ತದೆ. ಲ್ಯಾಪ್‌ಟಾಪಿನ ಮದರ್‌ಬೋರ್ಡಿನ ಒಳಗೆ, ವಿದ್ಯುತ್ ಗದ್ದಲದ ನಡುವೆ ನಡೆಯುವ ಕೆಲಸ ಹೊರಗಿನ ಶಾಂತ ಪೆಟ್ಟಿಗೆಗೆ ವರ್ಗವಾಗುತ್ತದೆ. ಹೀಗೆ ಮಾಡುವುದರ ಮುಖ್ಯ ಲಾಭ ಅದೇ.

ಯಾವ ಪೆಟ್ಟಿಗೆ

ಸ್ಕಾರ್ಲೆಟ್ 2ಐ2 ತರಹದ ಇಂಟರ್ಫೇಸ್ ಇದ್ದರೆ ಕೆಲಸ ಸುಲಭ. ಅದರ ಹಿಂದೆ ಎಡ ಮತ್ತು ಬಲಕ್ಕೆ ಎರಡು ದೊಡ್ಡ ಜ್ಯಾಕ್ ಔಟ್‌ಪುಟ್‌ಗಳಿವೆ, ಎರಡೂ ಬ್ಯಾಲೆನ್ಸ್ಡ್, ಅಂದರೆ ಒಂದೇ ದನಿಯನ್ನು ಪ್ಲಸ್, ಮೈನಸ್ ಎಂದು ಎರಡು ತಂತಿಗಳಲ್ಲಿ ಕಳಿಸುವಂಥವು. ಬೇರೆ ಅಡಾಪ್ಟರ್ ಬೇಡ, ಯುಎಸ್‌ಬಿಯಿಂದಲೇ ಕರೆಂಟು ಸಿಗುತ್ತದೆ.

ಝೂಮ್ ಎಚ್5, ಎಚ್6 ಮಾದರಿಯ ರೆಕಾರ್ಡರಾದರೆ ಯುಎಸ್‌ಬಿ ಸಿಕ್ಕಿಸಿದ ಕೂಡಲೇ ಪರದೆ ಮೇಲೆ ಕಾರ್ಡ್ ರೀಡರ್ ಬೇಕೋ ಆಡಿಯೊ ಇಂಟರ್ಫೇಸ್ ಬೇಕೋ ಎಂಬ ಆಯ್ಕೆ ಬರುತ್ತದೆ. ಎರಡನೆಯದನ್ನು ಒತ್ತಿ. ಈ ಎರಡರಲ್ಲೂ ಲೈನ್ ಔಟ್ (ಬೇರೆ ಸಾಧನಕ್ಕೆ ದನಿ ಕೊಡುವ ಕಿಂಡಿ) ಮತ್ತು ಹೆಡ್‌ಫೋನಿಗೆ ಬೇರೆ ಬೇರೆ ತೂತುಗಳಿವೆ, ಮಿಕ್ಸರ್‌ಗೆ ಲೈನ್ ಔಟ್‌ನಿಂದಲೇ ಕೊಡಿ. ಹಳೆಯ ಎಚ್4ಎನ್‌ನಲ್ಲಿ ಎರಡಕ್ಕೂ ಒಂದೇ ತೂತು, ಪಕ್ಕದ ವಾಲ್ಯೂಮ್ ಗುಂಡಿಯೇ ಮಿಕ್ಸರ್‌ಗೆ ಹೋಗುವ ಮಟ್ಟವನ್ನೂ ನಿರ್ಧರಿಸುತ್ತದೆ. ಯಾರೋ ಕೈ ತಾಗಿಸಿದರೆ ಹಾಡು ಕುಸಿಯುತ್ತದೆ. ಗುಂಡಿಯ ಮೇಲೊಂದು ಸೆಲೋಟೇಪ್ ಅಂಟಿಸಿಬಿಡಿ.

ರೆಕಾರ್ಡರ್ ಬಳಸುವವರು ಮರೆಯಬಾರದ ಸಂಗತಿ ಒಂದಿದೆ. ಇಂಟರ್ಫೇಸ್ ಆಗಿ ಕೆಲಸ ಮಾಡುವಾಗಲೂ ಅದರ ತಲೆಯ ಮೇಲಿನ ಮೈಕುಗಳು ಎಚ್ಚರವಾಗಿರುತ್ತವೆ. ಡೈರೆಕ್ಟ್ ಮಾನಿಟರ್ (ಒಳಬಂದ ದನಿಯನ್ನು ನೇರವಾಗಿ ಹೊರಗೆ ಕೇಳಿಸುವ ಸೌಲಭ್ಯ) ಆನ್ ಇದ್ದರೆ ಆ ಮೈಕಿನ ದನಿಯೂ ಹಾಡಿನ ಜೊತೆ ಲೈನ್ ಔಟ್‌ನಿಂದ ಹೊರಟು ಸಭಾಗೃಹದ ಸ್ಪೀಕರಿಗೆ ಹೋಗಿ, ಅಲ್ಲಿಂದ ಮತ್ತೆ ಮೈಕಿಗೆ ಬಂದು ಕುಯ್ಯೋ ಅನ್ನುತ್ತದೆ. ಡೈರೆಕ್ಟ್ ಮಾನಿಟರ್ ಆಫ್ ಮಾಡಿ, ಇನ್‌ಪುಟ್ ಗುಂಡಿಗಳನ್ನೆಲ್ಲ ಸೊನ್ನೆಗೆ ತಿರುಗಿಸಿ. ಸ್ಕಾರ್ಲೆಟ್‌ಗೂ ಇದೇ ಮಾತು.

ಬ್ಲೂಟೂತ್ ಬೇಡ. ದನಿ ತಡವಾಗಿ ಬರುತ್ತದೆ, ಜನ ತುಂಬಿದ ಹಾಲ್‌ನಲ್ಲಿ ತುಂಡಾಗುವುದೂ ಉಂಟು.

ವೈರ್, ಪಿನ್

ಅರ್ಧಕ್ಕರ್ಧ ಎಡವಟ್ಟು ಆಗುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರದ ಲ್ಯಾಮಿಂಗ್ಟನ್ ರೋಡ್ ಅಂಗಡಿಗಳಲ್ಲಿ ‘6.35 ಮಿಲಿಮೀಟರ್ ಜ್ಯಾಕ್’ ಎಂದು ಕೇಳಿದರೂ ಕೊಡುತ್ತಾರೆ, ಆದರೆ ಅಲ್ಲಿ ನಡೆಯುವ ಹೆಸರು ಪಿ-38. ಮೊಬೈಲ್ ಹೆಡ್‌ಫೋನಿನ 3.5 ಮಿಲಿಮೀಟರಿನ ಸಣ್ಣ ಪಿನ್‌ಗೆ ಇಪಿ ಪಿನ್ ಅನ್ನುತ್ತಾರೆ. ಮೂರು ಕಾಲಿನ ಎಕ್ಸ್‌ಎಲ್‌ಆರ್‌ಗೆ ಕ್ಯಾನನ್. ಪಿ-38ರಲ್ಲೂ ಇಪಿಯಲ್ಲೂ ಮೋನೊ, ಸ್ಟೀರಿಯೊ ಎಂದು ಎರಡು ಜಾತಿ. ಕಪ್ಪು ಪಟ್ಟಿ ಒಂದಿದ್ದರೆ ಮೋನೊ, ಎರಡಿದ್ದರೆ ಸ್ಟೀರಿಯೊ. ಅಂಗಡಿಯವನಿಗೆ ಯಾವುದು ಬೇಕೆಂದು ಬಿಡಿಸಿ ಹೇಳದಿದ್ದರೆ ಕೈಗೆ ಸಿಕ್ಕಿದ್ದನ್ನು ಕೊಟ್ಟು ಕಳಿಸುತ್ತಾನೆ.

ರೆಕಾರ್ಡರಿನ ಲೈನ್ ಔಟ್‌ನಿಂದ ಮಿಕ್ಸರ್‌ಗೆ ಬೇಕಾದ್ದು ಒಂದು ಕಡೆ ಇಪಿ ಸ್ಟೀರಿಯೊ, ಇನ್ನೊಂದು ಕಡೆ ಎರಡು ಪಿ-38 ಮೋನೊ ಇರುವ ವೈರ್. ಎಡದ್ದು ಒಂದು ಚಾನೆಲ್‌ಗೆ, ಬಲದ್ದು ಪಕ್ಕದ ಚಾನೆಲ್‌ಗೆ. ಒಂದು ಕಡೆ ಇಪಿ ಸ್ಟೀರಿಯೊ, ಇನ್ನೊಂದು ಕಡೆ ಒಂದೇ ಪಿ-38 ಸ್ಟೀರಿಯೊ ಇರುವ ವೈರ್ ನೋಡಲು ಅಚ್ಚುಕಟ್ಟಾಗಿರುತ್ತದೆ, ಆದರೆ ಅದೇ ಕೈಕೊಡುವುದು. ಕಾರಣ ಹೀಗಿದೆ: ಸ್ಟೀರಿಯೊ ಪಿನ್‌ನ ತುದಿಯಲ್ಲಿ ಎಡ, ನಡುವಿನ ಉಂಗುರದಲ್ಲಿ ಬಲ, ಬುಡದಲ್ಲಿ ಅರ್ಥ್ ಇರುತ್ತದೆ. ಮಿಕ್ಸರಿನ ಬ್ಯಾಲೆನ್ಸ್ಡ್ ಇನ್‌ಪುಟ್ ಮಾತ್ರ ತುದಿಯನ್ನು ಪ್ಲಸ್ ಎಂದೂ ಉಂಗುರವನ್ನು ಮೈನಸ್ ಎಂದೂ ಓದಿ, ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ಹಾಡಿನಲ್ಲಿ ಗಾಯಕನ ದನಿ ಎಡಬಲ ಎರಡರಲ್ಲೂ ಒಂದೇ ಪ್ರಮಾಣದಲ್ಲಿರುವುದರಿಂದ ಕಳೆದಾಗ ಸೊನ್ನೆಯಾಗುತ್ತದೆ. ವೀಣೆ ಕೇಳುತ್ತದೆ, ತಾಳ ಕೇಳುತ್ತದೆ, ಹಾಡುವವರು ಮಾಯ. ‘ಫೈಲೇ ಕೆಟ್ಟಿದೆ’ ಎಂದು ಎಲ್ಲರೂ ಲ್ಯಾಪ್‌ಟಾಪ್ ಕಡೆ ಓಡುತ್ತಾರೆ. ಫೈಲಿನದು ಏನೂ ತಪ್ಪಿಲ್ಲ. ಆ ಹೊತ್ತಿಗೆ ಬೇರೆ ವೈರ್ ಇಲ್ಲದಿದ್ದರೆ ಪಿ-38 ಅನ್ನು ಪೂರ್ತಿ ಒಳಗೆ ತಳ್ಳದೆ ಅರ್ಧ ಹೊರಗೆಳೆದು ನಿಲ್ಲಿಸಿ ಕಾರ್ಯಕ್ರಮ ದಾಟಿಸುವವರಿದ್ದಾರೆ. ಯಾರಾದರೂ ಒಮ್ಮೆ ವೈರ್ ಎಡವಿದರೆ ಮುಗಿಯಿತು.

ಮಿಕ್ಸರಿನಲ್ಲಿ ಖಾಲಿ ಚಾನೆಲ್ ಒಂದೇ ಉಳಿದಿದ್ದರೆ ಎಡಬಲಗಳನ್ನು ನೇರವಾಗಿ ಒಟ್ಟಿಗೆ ಹೊಸೆಯಬೇಡಿ, ಎರಡು ಔಟ್‌ಪುಟ್‌ಗಳು ಒಂದಕ್ಕೊಂದು ಗುದ್ದಾಡುತ್ತವೆ. ಎಡದ ತಂತಿಗೊಂದು, ಬಲದ ತಂತಿಗೊಂದು 1 ಕಿಲೋ ಓಮ್ ರೆಸಿಸ್ಟರ್ ಬೆಸೆದು, ಅವುಗಳ ಮುಂದಿನ ತುದಿಗಳನ್ನು ಸೇರಿಸಿ ಪಿ-38 ಮೋನೊದ ತುದಿಗೆ ಕೊಡಿ. ಎರಡೂ ರೆಸಿಸ್ಟರ್ ಪಿನ್‌ನ ಡಬ್ಬಿಯೊಳಗೇ ಹಿಡಿಸುತ್ತವೆ.

ಸ್ಕಾರ್ಲೆಟ್ ತರಹದ ಇಂಟರ್ಫೇಸಿಗೆ ಮಾತ್ರ ಎರಡೂ ಕಡೆ ಪಿ-38 ಸ್ಟೀರಿಯೊ ಇರುವ ಎರಡು ವೈರ್ ಬೇಕು. ಇಲ್ಲಿ ಸ್ಟೀರಿಯೊ ಪಿನ್ ಇದ್ದರೂ ಪ್ರತಿ ವೈರಿನಲ್ಲಿ ಹರಿಯುವುದು ಒಂದೇ ಬದಿಯ ದನಿ. ಉಂಗುರ ಅದರ ಮೈನಸ್ ಆಗಿರುತ್ತದೆ, ಆದ್ದರಿಂದ ಕಳೆಯುವ ಲೆಕ್ಕ ಇಲ್ಲಿ ಸರಿಹೋಗುತ್ತದೆ. ದಾರಿಯಲ್ಲಿ ಸೇರಿಕೊಂಡ ಗದ್ದಲ ಎರಡೂ ತಂತಿಗಳಲ್ಲಿ ಒಂದೇ ರೀತಿ ಇರುವುದರಿಂದ ಅದೇ ಲೆಕ್ಕದಲ್ಲಿ ಕಳೆದುಹೋಗುತ್ತದೆ.

ಉದ್ದದ ವಿಷಯ. ಯುಎಸ್‌ಬಿ ವೈರನ್ನು 2 ಮೀಟರ್ ಒಳಗೆ ಇಟ್ಟುಕೊಳ್ಳಿ, 5 ಮೀಟರ್ ಅದರ ಮಿತಿ. ಇಪಿಯಿಂದ ಪಿ-38 ಮೋನೊಗೆ ಹೋಗುವ ವೈರೂ 5 ಮೀಟರ್ ದಾಟದಿರಲಿ. ಬ್ಯಾಲೆನ್ಸ್ಡ್ ವೈರಾದರೆ 20, 30 ಮೀಟರಿಗೂ ಅಂಜಬೇಕಿಲ್ಲ. ಲ್ಯಾಪ್‌ಟಾಪ್ ವೇದಿಕೆಯ ಪಕ್ಕದಲ್ಲಿದ್ದು ಮಿಕ್ಸರ್ ಹಾಲ್‌ನ ಹಿಂದಿದ್ದರೆ, ರೆಕಾರ್ಡರಿನ ಪಕ್ಕದಲ್ಲೇ ಸ್ಟೀರಿಯೊ ಡಿಐ ಬಾಕ್ಸ್ (ಲೈನ್ ದನಿಯನ್ನು ಮೈಕ್ ಮಟ್ಟದ ಬ್ಯಾಲೆನ್ಸ್ಡ್ ದನಿಯಾಗಿಸುವ ಡಬ್ಬಿ) ಇಟ್ಟು ಅಲ್ಲಿಂದ ಕ್ಯಾನನ್ ವೈರಿನಲ್ಲಿ ಕಳಿಸಿ.

ಚಾರ್ಜ್ ಮಾಡಲು ಮಾತ್ರ ಬರುವ ಯುಎಸ್‌ಬಿ ವೈರ್‌ಗಳೂ ಇವೆ. ಅವುಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ರೆಕಾರ್ಡರ್‌ಗೆ ದೀಪ ಹತ್ತುತ್ತದೆ, ಕಂಪ್ಯೂಟರ್‌ಗೆ ಮಾತ್ರ ಅದು ಕಾಣುವುದಿಲ್ಲ. ಡ್ರೈವರ್ ಹುಡುಕುವ ಮೊದಲು ವೈರ್ ಬದಲಿಸಿ ನೋಡಿ.

ಮುಂಬಯಿಯ ಮಳೆಗಾಲದಲ್ಲಿ ಪಿನ್‌ಗಳ ಮೇಲೆ ಹಸಿರು, ಕಪ್ಪು ಕಿಲುಬು ಕೂರುತ್ತದೆ, ಸಮುದ್ರದ ಉಪ್ಪುಗಾಳಿ ಬೇರೆ. ಗಣೇಶೋತ್ಸವಕ್ಕೆ ವೈರ್ ಹೊರತೆಗೆದಾಗ ಒಂದು ಬದಿ ಸದ್ದಿಲ್ಲ ಅಂದರೆ ಮುಕ್ಕಾಲು ಪಾಲು ಇದೇ ಕಾರಣ. ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ, ಪಿನ್ ಅನ್ನು ತೂತಿನಲ್ಲಿ ಐದಾರು ಬಾರಿ ಹಾಕಿ ತೆಗೆಯಿರಿ. ಆಮೇಲೆ ಮಲ್ಟಿಮೀಟರನ್ನು ಬೀಪ್ ಸ್ಥಾನಕ್ಕಿಟ್ಟು ಪರೀಕ್ಷಿಸಿ: ತುದಿಯಿಂದ ತುದಿಗೆ ಬೀಪ್ ಬರಬೇಕು, ಬುಡದಿಂದ ಬುಡಕ್ಕೆ ಬರಬೇಕು, ತುದಿಯಿಂದ ಬುಡಕ್ಕೆ ಬರಬಾರದು. ಪ್ರೋಬ್ ಹಿಡಿದುಕೊಂಡೇ ವೈರನ್ನು ಪಿನ್‌ನ ಕುತ್ತಿಗೆಯ ಹತ್ತಿರ ಬಾಗಿಸಿ. ಬೀಪ್ ಕಡಿದು ಕಡಿದು ಬಂದರೆ ಒಳಗೆ ಬೆಸುಗೆ ಬಿಟ್ಟಿದೆ.

ಕಂಪ್ಯೂಟರಿನಲ್ಲಿ

ಸಾಮಾನ್ಯವಾಗಿ ಎಲ್ಲರೂ ಇಂಟರ್ಫೇಸನ್ನೇ ಡಿಫಾಲ್ಟ್ ಔಟ್‌ಪುಟ್ ಮಾಡುತ್ತಾರೆ. ಹಾಗೆ ಮಾಡಬೇಡಿ. ಡಿಫಾಲ್ಟ್ ಲ್ಯಾಪ್‌ಟಾಪಿನ ಸ್ಪೀಕರೇ ಆಗಿರಲಿ, ಹಾಡು ನುಡಿಸುವ ಪ್ರೋಗ್ರಾಮಿನಿಂದ ಮಾತ್ರ ಇಂಟರ್ಫೇಸಿಗೆ ಕಳಿಸಿ. ವಿಎಲ್‌ಸಿಯಲ್ಲಿ ಆಡಿಯೊ ಮೆನುವಿನ ಆಡಿಯೊ ಡಿವೈಸ್ ಒಳಗೆ ಇಂಟರ್ಫೇಸಿನ ಹೆಸರು ಆರಿಸಿ. ಫೂಬಾರ್2000 ಎಂಬ ಪ್ಲೇಯರ್ ಆದರೆ ಪ್ರಿಫರೆನ್ಸಸ್, ಪ್ಲೇಬ್ಯಾಕ್, ಔಟ್‌ಪುಟ್. ಹೀಗೆ ಮಾಡಿದರೆ ಬ್ಯಾಟರಿ ಎಚ್ಚರಿಕೆ, ಇಮೇಲ್ ಟಿಂಗ್ ಎಲ್ಲ ಲ್ಯಾಪ್‌ಟಾಪಿನಲ್ಲೇ ಮೆಲ್ಲಗೆ ಕೂಗಿಕೊಳ್ಳುತ್ತವೆ, ಸಭಿಕರಿಗೆ ತಲುಪುವುದಿಲ್ಲ. ಮ್ಯಾಕ್‌ನಲ್ಲಿ ಸೌಂಡ್ ಸೆಟಿಂಗ್ಸ್ ಒಳಗೆ ಸೌಂಡ್ ಎಫೆಕ್ಟ್ಸ್ ಎಲ್ಲಿಂದ ಬರಬೇಕೆಂದು ಬೇರೆಯಾಗಿಯೇ ಆರಿಸಬಹುದು.

ಆಮೇಲೆ ವಿಂಡೋಸ್‌ನ ಹಳೆಯ ಸೌಂಡ್ ಕಿಟಕಿ ತೆರೆಯಿರಿ. ವಿಂಡೋಸ್ 11ರಲ್ಲಿ ಸೌಂಡ್ ಸೆಟಿಂಗ್ಸ್‌ನ ಕೆಳಗಡೆ ‘ಮೋರ್ ಸೌಂಡ್ ಸೆಟಿಂಗ್ಸ್’ ಒತ್ತಿದರೆ ಬರುತ್ತದೆ. ಕಮ್ಯುನಿಕೇಷನ್ಸ್ ಟ್ಯಾಬ್‌ನಲ್ಲಿ ‘ಡು ನಥಿಂಗ್’ ಆರಿಸಿ. ಇಲ್ಲದಿದ್ದರೆ ಯಾವುದೋ ಕಾಲ್ ಬಂತೆಂದು ವಿಂಡೋಸ್ ಹಾಡನ್ನು ತಾನೇ ತಗ್ಗಿಸುತ್ತದೆ. ಪ್ಲೇಬ್ಯಾಕ್ ಟ್ಯಾಬ್‌ನಲ್ಲಿ ಇಂಟರ್ಫೇಸ್ ಮೇಲೆ ಎರಡು ಬಾರಿ ಒತ್ತಿ, ಅಡ್ವಾನ್ಸ್ಡ್‌ಗೆ ಹೋಗಿ ಸ್ಯಾಂಪಲ್ ರೇಟ್ (ಸೆಕೆಂಡಿಗೆ ದನಿಯ ಎಷ್ಟು ಅಳತೆಗಳು ಎಂಬ ಸಂಖ್ಯೆ) ನೋಡಿ. ಫೈಲುಗಳು ಸಿಡಿಯಿಂದ ಬಂದಿದ್ದರೆ 44.1 ಕಿಲೋಹರ್ಟ್ಸ್, ವೀಡಿಯೊದಿಂದ ತೆಗೆದದ್ದಾದರೆ ಹೆಚ್ಚಾಗಿ 48. ಅಲ್ಲಿರುವ ಸಂಖ್ಯೆಯೂ ರೆಕಾರ್ಡರಿನ ಪರದೆಯ ಮೇಲಿನ ಸಂಖ್ಯೆಯೂ ಒಂದೇ ಇರಲಿ.

ಸಾಮಾನ್ಯವಾಗಿ ಹೊಂದದಿದ್ದರೂ ವಿಂಡೋಸ್ ತಾನೇ ಪರಿವರ್ತಿಸಿಕೊಳ್ಳುತ್ತದೆ. ಪ್ಲೇಯರ್ ನೇರವಾಗಿ ಡ್ರೈವರ್ ಜೊತೆ ಮಾತಾಡುವಾಗ ಲೆಕ್ಕ ತಪ್ಪಿದರೆ 44.1ರ ಹಾಡು 48ರ ವೇಗದಲ್ಲಿ ಓಡುತ್ತದೆ. ಸುಮಾರು 9 ಶೇಕಡಾ ವೇಗ ಹೆಚ್ಚು. 10 ನಿಮಿಷದ ವರ್ಣ 9 ನಿಮಿಷ 11 ಸೆಕೆಂಡಿಗೆ ಮುಗಿಯುತ್ತದೆ, ಶ್ರುತಿ ಒಂದೂವರೆ ಮನೆ ಮೇಲೆ ಹೋಗುತ್ತದೆ. ಪ್ರೇಕ್ಷಕರಿಗೆ ಗೊತ್ತಾಗದಿರಬಹುದು, ಆದರೆ ಆ ಹಾಡಿಗೆ ಆರು ತಿಂಗಳು ಹೆಜ್ಜೆ ಹಾಕಿದ ಹುಡುಗಿಗೆ ಮೊದಲ ಜತಿಯಲ್ಲೇ ಗೊತ್ತಾಗುತ್ತದೆ. ಹಾಡಿನ ಉದ್ದ ಮೊದಲೇ ಬರೆದಿಟ್ಟುಕೊಂಡಿದ್ದರೆ ಗಡಿಯಾರ ನೋಡಿಯೇ ಪತ್ತೆ ಮಾಡಬಹುದು.

ಪಟಪಟ, ಚಟಚಟ ಎಂದು ತುಂಡಾಗಿ ಬಂದರೆ ಇಂಟರ್ಫೇಸಿನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಬಫರ್ (ಮುಂಚೆಯೇ ಕೂಡಿಟ್ಟುಕೊಳ್ಳುವ ದನಿಯ ಪ್ರಮಾಣ) ಹೆಚ್ಚಿಸಿ. ಬರೀ ನುಡಿಸುವುದಕ್ಕೆ 1024 ಸ್ಯಾಂಪಲ್ ಧಾರಾಳವಾಗಿ ಇಡಬಹುದು. 48 ಕಿಲೋಹರ್ಟ್ಸ್‌ನಲ್ಲಿ ಅದರಿಂದ ಆಗುವ ತಡ 21 ಮಿಲಿಸೆಕೆಂಡ್ ಮಾತ್ರ, ಹಾಡು ನುಡಿಸುವಾಗ ಯಾರಿಗೂ ತಿಳಿಯುವುದಿಲ್ಲ. ಬ್ಯಾಟರಿ ಸೇವರ್ ತೆಗೆಯಿರಿ, ವೈಫೈ ಬಂದ್ ಮಾಡಿ, ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಕಾಣಿಸಿದರೆ ಅದನ್ನೂ ನಿಲ್ಲಿಸಿ. ಭಾಷಣ ಅರ್ಧ ಗಂಟೆ ಎಳೆದಾಗ ಲ್ಯಾಪ್‌ಟಾಪ್ ನಿದ್ದೆಗೆ ಜಾರದಂತೆ ಸ್ಲೀಪ್ ‘ನೆವರ್’ ಇರಲಿ. ನಮ್ಮ ಸಭೆಗಳಲ್ಲಿ ಭಾಷಣ ಎಳೆಯುವುದು ಹೊಸದೇನಲ್ಲ.

ಮಟ್ಟ

ವಿಂಡೋಸ್‌ನಲ್ಲಿ ಇಂಟರ್ಫೇಸಿನ ವಾಲ್ಯೂಮ್ 100, ಪ್ಲೇಯರ್ ವಾಲ್ಯೂಮ್ 100. ವಿಎಲ್‌ಸಿ 125ರವರೆಗೂ ಹೋಗುತ್ತದೆ, 100 ದಾಟಿಸಬೇಡಿ. ಅಲ್ಲಿಂದ ಮೇಲೆ ದನಿ ಒಡೆಯುತ್ತದೆ, ಒಮ್ಮೆ ಒಡೆದದ್ದನ್ನು ಮುಂದೆ ಯಾವ ಮಿಕ್ಸರೂ ಸರಿ ಮಾಡುವುದಿಲ್ಲ. ಇಂಟರ್ಫೇಸಿನ ದೊಡ್ಡ ಗುಂಡಿ ಮೂರನೇ ಎರಡು ಭಾಗ ತಿರುಗಲಿ.

ಇನ್ನು ಮಿಕ್ಸರ್. ವೈರ್ ಹೋಗಬೇಕಾದ್ದು ಲೈನ್ ಇನ್‌ಪುಟ್‌ಗೆ, ಮೈಕಿನ ಕ್ಯಾನನ್ ತೂತಿಗಲ್ಲ (ಡಿಐ ಬಾಕ್ಸ್‌ನಿಂದ ಬಂದ ವೈರ್ ಮಾತ್ರ ಮೈಕಿನ ತೂತಿಗೆ). ಸ್ಟುಡಿಯೊ ಸಾಧನಗಳ ಲೈನ್ ಮಟ್ಟ +4 ಡಿಬಿಯು, ಅಂದರೆ ಸುಮಾರು 1.23 ವೋಲ್ಟ್. ಮನೆಬಳಕೆಯ ಸಾಧನಗಳದ್ದು −10 ಡಿಬಿವಿ, ಸುಮಾರು 0.32 ವೋಲ್ಟ್. ಎರಡರ ನಡುವಿನ ಅಂತರ ಸುಮಾರು 12 ಡಿಬಿ. ಮೈಕಿನಿಂದ ಬರುವುದು ಇವೆರಡಕ್ಕಿಂತ ಎಷ್ಟೋ ಸಣ್ಣದು, ಮಿಲಿವೋಲ್ಟ್‌ಗಳ ಲೆಕ್ಕ. ಮೈಕಿಗೆಂದು ಇರುವ ಕಿಂಡಿಗೆ ಲೈನ್ ಮಟ್ಟ ಸುರಿದರೆ ಗೇನ್ (ಒಳಬರುವ ದನಿಯನ್ನು ಹಿಗ್ಗಿಸುವ ಗುಂಡಿ) ಪೂರ್ತಿ ಇಳಿಸಿದರೂ ಕರಕರ ಎಂದು ಒಡೆಯುತ್ತದೆ. ಬೇರೆ ದಾರಿಯಿಲ್ಲದೆ ಕ್ಯಾನನ್‌ನಲ್ಲೇ ಹಾಕಬೇಕಾದರೆ ಮಟ್ಟ ತಗ್ಗಿಸುವ ಪ್ಯಾಡ್ ಗುಂಡಿ ಒತ್ತಿ, 48 ವೋಲ್ಟಿನ ಫ್ಯಾಂಟಮ್ (ಮಿಕ್ಸರ್ ಮೈಕಿಗೆ ಕೊಡುವ ಕರೆಂಟು) ಆಫ್ ಇದೆಯೇ ಎಂದು ಮೊದಲು ನೋಡಿ. ಅದು ನಿಮ್ಮ ಇಂಟರ್ಫೇಸಿನ ಔಟ್‌ಪುಟ್‌ಗೆ ಹಿಂದಿನಿಂದ ಕರೆಂಟು ಕೊಟ್ಟ ಹಾಗೆ.

ಹೊಂದಿಸುವ ಕ್ರಮ: ಚಾನೆಲ್ ಗೇನ್ ಸೊನ್ನೆ, ಫೇಡರ್ (ಆ ಚಾನೆಲ್‌ನ ಸರಿಸುವ ಹಿಡಿ) 0 ಗುರುತಿನ ಮೇಲೆ, ಒಟ್ಟು ದನಿಯ ಮೇನ್ ಕೆಳಗೆ. ಕಾರ್ಯಕ್ರಮದಲ್ಲೇ ಅತಿ ಜೋರಿನ ಹಾಡು ಹಾಕಿ. ಚೆಂಡೆಯ ಭಾಗ ಇರುವುದಾದರೆ ಅದೇ ಸರಿ. ಮೀಟರ್ 0 ಮುಟ್ಟುವವರೆಗೆ ಗೇನ್ ಏರಿಸಿ, ಕೆಂಪು ದೀಪ ಹತ್ತಬಾರದು. ಆಮೇಲಷ್ಟೇ ಮೇನ್ ಎತ್ತಿ. ಮುಂದೆ ಹೆಚ್ಚುಕಡಿಮೆ ಮಾಡುವುದೆಲ್ಲ ಫೇಡರಿನಲ್ಲೇ, ಲ್ಯಾಪ್‌ಟಾಪ್ ಮುಟ್ಟಬೇಡಿ. ಇಬ್ಬರು ಎರಡು ಕಡೆ ವಾಲ್ಯೂಮ್ ಎಳೆದಾಡಿದರೆ ಯಾರು ಏನು ಮಾಡಿದರೆಂದು ಯಾರಿಗೂ ತಿಳಿಯುವುದಿಲ್ಲ.

ಹತ್ತು ಮನೆಗಳಿಂದ ಬಂದ ಹಾಡುಗಳು ಹತ್ತು ಮಟ್ಟದಲ್ಲಿರುತ್ತವೆ. ಹಿಂದಿನ ದಿನ ಆಡಾಸಿಟಿ ಎಂಬ ದನಿ ತಿದ್ದುವ ಪ್ರೋಗ್ರಾಮಿನಲ್ಲಿ ಲೌಡ್‌ನೆಸ್ ನಾರ್ಮಲೈಸೇಷನ್‌ನಿಂದ ಎಲ್ಲವನ್ನೂ −18 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಕೇಳುವ ಜೋರಿನ ಅಳತೆ) ತಂದು ವೇವ್ ಫೈಲಾಗಿ ಉಳಿಸಿ. ಸ್ಟೀರಿಯೊ ಆದರೆ ನಿಮಿಷಕ್ಕೆ ಸುಮಾರು 10 ಎಂಬಿ, ಈ ಕಾಲದಲ್ಲಿ ಅದೇನು ದೊಡ್ಡದಲ್ಲ. ವಾಟ್ಸಾಪಿನಲ್ಲಿ ಹಾಡು ಕಳಿಸುವವರಿಗೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಸ್ಪೀಕರ್ ಎದುರು ಮೊಬೈಲ್ ಹಿಡಿದು ರೆಕಾರ್ಡ್ ಮಾಡಿ ಕಳಿಸಿದ್ದಾದರೆ ನಯವಾಗಿ ವಾಪಸ್ ಮಾಡಿ.

ಸಾಕಷ್ಟು ಸಭಾಗೃಹಗಳಲ್ಲಿ ಎರಡೂ ಬದಿಯ ಸ್ಪೀಕರಿನಲ್ಲಿ ಬರುವುದು ಒಂದೇ ದನಿ. ಹಾಗಾಗಿ ವಿಂಡೋಸ್‌ನ ಆಕ್ಸೆಸಿಬಿಲಿಟಿ ಒಳಗಿನ ಮೋನೊ ಆಡಿಯೊ ಆನ್ ಮಾಡಿ ಮನೆಯಲ್ಲೇ ಒಮ್ಮೆ ಕೇಳಿ. ಮೋನೊದಲ್ಲಿ ತೆಳ್ಳಗಾಗುವ ಹಾಡು ಹಾಲ್‌ನಲ್ಲೂ ತೆಳ್ಳಗೇ ಕೇಳುತ್ತದೆ.

ಗುಂಯ್ ಸದ್ದು

ಹಾಡಿಲ್ಲದಾಗಲೂ ಗುಂಯ್ ಅನ್ನುತ್ತಿದೆಯೇ? ಲ್ಯಾಪ್‌ಟಾಪಿನ ಚಾರ್ಜರ್ ಎಳೆದು ಬ್ಯಾಟರಿಯಲ್ಲಿ ನಡೆಸಿ. ಸದ್ದು ನಿಂತರೆ ಅದು ಅರ್ಥ್ ಲೂಪ್. ಲ್ಯಾಪ್‌ಟಾಪ್ ಒಂದು ಗೋಡೆಯ ಪ್ಲಗ್‌ನಲ್ಲಿ, ಮಿಕ್ಸರ್ ಇನ್ನೊಂದು ಕಡೆ ಇದ್ದಾಗ ಎರಡು ಅರ್ಥ್‌ಗಳ ನಡುವಿನ ಅಲ್ಪ ವ್ಯತ್ಯಾಸ ನಿಮ್ಮ ಆಡಿಯೊ ವೈರಿನೊಳಗಿನ ಅರ್ಥ್ ತಂತಿಬಲೆಯ ಮೂಲಕ ಹರಿದು 50 ಹರ್ಟ್ಸ್‌ನ ಗುಂಯ್ ಆಗುತ್ತದೆ. ಮೊದಲು ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಅದಕ್ಕೂ ಬಗ್ಗದಿದ್ದರೆ ಡಿಐ ಬಾಕ್ಸ್‌ನ ಗ್ರೌಂಡ್ ಲಿಫ್ಟ್ (ಆಡಿಯೊ ವೈರಿನ ಅರ್ಥ್ ಮಾತ್ರ ಬಿಡಿಸುವ ಗುಂಡಿ) ಒತ್ತಿ. ಅರ್ಥ್ ಪಿನ್ ಮುರಿಯುವುದು, ಮೂರು ಪಿನ್ನಿನ ಪ್ಲಗ್‌ಗೆ ಎರಡು ಪಿನ್ನಿನ ಅಡಾಪ್ಟರ್ ಹಾಕುವುದು ಮಾತ್ರ ಬೇಡ. ಸದ್ದು ನಿಲ್ಲುತ್ತದೆ ನಿಜ, ಆದರೆ ಎಲ್ಲೋ ಲೀಕ್ ಆದ 230 ವೋಲ್ಟ್ ಮೈಕ್ ಹಿಡಿದ ಕೈಗೆ ಬರಬಹುದು.

ಚಾರ್ಜರ್ ತೆಗೆದರೂ ಝರ್ ಎಂದು ತೀಕ್ಷ್ಣವಾಗಿ ಬರುತ್ತಿದ್ದು, ವೇದಿಕೆಯ ದೀಪ ಮಂದವಾಗಿಸಿದಾಗ ಅದು ಬದಲಾದರೆ ತಪ್ಪು ಲೈಟಿನ ಡಿಮ್ಮರಿನದು. ಆಡಿಯೊ ವೈರನ್ನು ಲೈಟಿನ ವೈರಿನಿಂದ ದೂರ ಎಳೆಯಿರಿ. ದಾಟಲೇಬೇಕಾದ ಕಡೆ ಅಡ್ಡಲಾಗಿ ದಾಟಿಸಿ, ಜೊತೆಜೊತೆಗೆ ಓಡಿಸಬೇಡಿ.

ಆ ದಿನ

ಆನ್ ಮಾಡುವಾಗ ಮೊದಲು ಲ್ಯಾಪ್‌ಟಾಪ್, ಆಮೇಲೆ ಇಂಟರ್ಫೇಸ್, ಆಮೇಲೆ ಮಿಕ್ಸರ್, ಕೊನೆಗೆ ಆಂಪ್ಲಿಫೈಯರ್. ಆಫ್ ಮಾಡುವಾಗ ಆಂಪ್ಲಿಫೈಯರ್ ಮೊದಲು. ಕ್ರಮ ತಪ್ಪಿದರೆ ಢಬ್ ಎಂದು ಬರುವ ಸದ್ದು ಸ್ಪೀಕರಿನ ಟ್ವೀಟರಿಗೆ ಒಳ್ಳೆಯದಲ್ಲ. ಕಾರ್ಯಕ್ರಮದ ನಡುವೆ ಯುಎಸ್‌ಬಿ ಕಳಚಬೇಕಾಗಿ ಬಂದರೆ ಚಾನೆಲ್ ಮ್ಯೂಟ್ ಮಾಡಿಯೇ ಕಳಚಿ.

ಫೈಲುಗಳು ಪೆನ್‌ಡ್ರೈವಿನಲ್ಲಲ್ಲ, ಲ್ಯಾಪ್‌ಟಾಪಿನ ಡಿಸ್ಕಿನಲ್ಲಿರಲಿ. ಹೆಸರಿನ ಮುಂದೆ 01, 02 ಎಂದು ಕಾರ್ಯಕ್ರಮದ ಕ್ರಮದಲ್ಲಿ ಸಂಖ್ಯೆ ಹಾಕಿ. ಒಂದು ಹಾಡು ಮುಗಿದ ಕೂಡಲೇ ಮುಂದಿನದು ತಾನೇ ಶುರುವಾಗುವುದು ಎಲ್ಲಕ್ಕಿಂತ ಹೆಚ್ಚು ಕಾಣುವ ಅವಾಂತರ: ಮಕ್ಕಳು ಇನ್ನೂ ನಮಸ್ಕಾರ ಮಾಡುತ್ತಿರುತ್ತಾರೆ, ಹಿಂದಿನಿಂದ ನಾಟಕದ ಗುಡುಗು. ಫೂಬಾರ್2000ದ ಪ್ಲೇಬ್ಯಾಕ್ ಮೆನುವಿನಲ್ಲಿ ‘ಸ್ಟಾಪ್ ಆಫ್ಟರ್ ಕರೆಂಟ್’ ಇದೆ, ಅದಕ್ಕೆ ಗುರುತು ಹಾಕಿಡಿ. ಈ ಒಂದು ಸೌಲಭ್ಯಕ್ಕಾಗಿಯೇ ವಿಎಲ್‌ಸಿ ಬದಲು ಅದನ್ನು ಬಳಸಬಹುದು.

ಅದೇ ರೆಕಾರ್ಡರಿನಲ್ಲಿ ಕಾರ್ಯಕ್ರಮವನ್ನೂ ಧ್ವನಿಮುದ್ರಿಸಿಕೊಳ್ಳೋಣ ಎಂಬ ಆಸೆ ಬರುತ್ತದೆ. ಹಲವು ರೆಕಾರ್ಡರ್‌ಗಳು ಇಂಟರ್ಫೇಸ್ ಆಗಿರುವಾಗ ತಮ್ಮ ಕಾರ್ಡಿಗೆ ಬರೆಯುವುದಿಲ್ಲ. ಮಿಕ್ಸರಿನ ರೆಕ್ ಔಟ್‌ನಿಂದ ಇಂಟರ್ಫೇಸಿನ ಇನ್‌ಪುಟ್‌ಗೆ ತಂದು ಲ್ಯಾಪ್‌ಟಾಪಿನಲ್ಲೇ ಮುದ್ರಿಸಬಹುದು ನಿಜ, ಆದರೆ ಆಗ ಡೈರೆಕ್ಟ್ ಮಾನಿಟರ್ ಅಪ್ಪಿತಪ್ಪಿ ಆನ್ ಆದರೆ ದನಿ ಮಿಕ್ಸರ್‌ಗೂ ಇಂಟರ್ಫೇಸಿಗೂ ಸುತ್ತು ಹೊಡೆದು ಇಡೀ ಹಾಲ್ ಕಿವಿ ಮುಚ್ಚಿಕೊಳ್ಳಬೇಕಾಗುತ್ತದೆ. ಧ್ವನಿಮುದ್ರಣಕ್ಕೆ ಬೇರೆ ಸಾಧನವನ್ನೇ ಇಡಿ, ಮಟ್ಟ −12 ಡಿಬಿ ಆಸುಪಾಸಿನಲ್ಲಿರಲಿ.

ಎಲ್ಲ ಹಾಡುಗಳ ಇನ್ನೊಂದು ಪ್ರತಿ ಏರೋಪ್ಲೇನ್ ಮೋಡ್‌ನಲ್ಲಿಟ್ಟ ಒಂದು ಮೊಬೈಲಿನಲ್ಲಿರಲಿ. ಅದರ ಇಪಿ ವೈರ್ ಮಿಕ್ಸರಿನ ಬೇರೆ ಎರಡು ಚಾನೆಲ್‌ಗಳಿಗೆ ಮೊದಲೇ ಸಿಕ್ಕಿಸಿ, ಮಟ್ಟ ನೋಡಿ, ಮ್ಯೂಟ್ ಮಾಡಿಡಿ. ಹೊರಾಂಗಣದ ಕಾರ್ಯಕ್ರಮವಾದರೆ ಗಡಿಯಾರದ ಮೇಲೂ ಕಣ್ಣಿರಲಿ: 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ, ಸರ್ಕಾರ ವಿನಾಯಿತಿ ಕೊಟ್ಟ ಹಬ್ಬದ ದಿನಗಳಲ್ಲಿ ಮಾತ್ರ ಮಧ್ಯರಾತ್ರಿ 12ರವರೆಗೆ ಅವಕಾಶ. ಕೊನೆಯ ನೃತ್ಯ 10 ನಿಮಿಷದ್ದಾದರೆ ಅದನ್ನು 9.45ಕ್ಕೆ ಶುರು ಮಾಡಿಸಿ.